ಐದಲ್ಲ, ಏಳು

ಕಿಲಿಂದಿನಿ ಬಂದರು, ರಾತ್ರಿ ಪಾಳಿ.
ಹನ್ನೊಂದನೆಯ ಕ್ರೇನು ಕಬ್ಬಿಣದ ಪೆಟ್ಟಿಗೆಯೊಂದನ್ನು ಅರ್ಧಕ್ಕೆ ಎತ್ತಿ
ನಿಂತುಬಿಟ್ಟಿತ್ತು, ಆಡುವ ಮಾತು ಮರೆತವರ ಹಾಗೆ.

ಮ್ವಾನಕೊಂಬೊ ಮುಚ್ಚಳದ ಆರು ಸ್ಕ್ರೂ ಬಿಚ್ಚಿ
ನನ್ನ ಟೋಪಿಯೊಳಗೆ ಹಾಕಿದಳು.
ನಾನು ಕೆಲಸಕ್ಕೆ ಸೇರಿ ಒಂಬತ್ತು ದಿನ. ಟೋಪಿ ಹಿಡಿಯುವುದೇ ಕೆಲಸ.

ಬೋರ್ಡಿನ ಅಂಚಿಗೆ ನಾಲ್ಕು ದೀಪ,
ಸಾಸಿವೆಗಿಂತ ಸ್ವಲ್ಪ ದೊಡ್ಡವು.
ಒಂದು, ಎರಡು, ನಾಲ್ಕು, ಎಂಟು ಅವುಗಳ ಬೆಲೆ;
ಉರಿದದ್ದನ್ನು ಕೂಡಿದರೆ ರೋಗದ ಹೆಸರು.
ಒಂದು ಉರಿದಿತ್ತು. ನಾಲ್ಕು ಉರಿದಿತ್ತು.
ಐದೆಂದರೆ ಮೆಮೊರಿ, ಎಂದಿತು
ಬಾಗಿಲ ಒಳಮೈಗೆ ಅಂಟಿಸಿದ, ಎಣ್ಣೆ ಕುಡಿದ ಚೀಟಿ.

ಮೆಮೊರಿ ತೆಗೆದು, ಊದಿ, ಮತ್ತೆ ಕೂರಿಸಿದಳು. ಐದು.
ಬೇರೆಯದು ಹಾಕಿದಳು. ಐದು.
ಪಕ್ಕದ ಕ್ರೇನು ನಿಲ್ಲಿಸಿ ಅದರದನ್ನೇ ಕಡ ತಂದಳು,
ಚಾಲಕ ಶೆಕುವೆ ಬೈದದ್ದು ನಡುಗಡಲಿಗೂ ಕೇಳಿಸಿರಬೇಕು.
ಐದೇ.

ಸುಮ್ಮನಿರಲಾರದೆ ಕೇಳಿದೆ:
ಚೀಟಿಯಲ್ಲಿ ಡಿಎಂಎ ಅಂತಿದೆಯಲ್ಲ ಅಕ್ಕ, ಅದೇನು?

ಕಹಿ ಕಾಫಿಯ ಪುಟ್ಟ ಬಟ್ಟಲು ಹಿಡಿದ ಕೈಯಲ್ಲೇ ಕೆಳಗೆ ತೋರಿದಳು.
ಆ ಕಚೇರಿಯಲ್ಲಿ ಗುಮಾಸ್ತ ಕೂತಿದ್ದಾನೆ, ನೋಡು.
ಹಡಗಿನಿಂದ ಇಳಿಯುವ ಒಂದೊಂದು ಮೂಟೆಯನ್ನೂ ಅವನೇ ಹೊತ್ತರೆ
ಲೆಕ್ಕ ಬರೆಯುವವರು ಯಾರು?
ಅದಕ್ಕೇ ಒಬ್ಬ ಮೇಸ್ತ್ರಿ.
ಗುಮಾಸ್ತ ಹೇಳುವುದು ಮೂರೇ ಮಾತು:
ಎಲ್ಲಿಂದ, ಎಲ್ಲಿಗೆ, ಎಷ್ಟು.
ಆಮೇಲೆ ಮೇಸ್ತ್ರಿ ದಾರಿ ಕೇಳುತ್ತಾನೆ, ಇವನು ಬಿಡುತ್ತಾನೆ.
ಅಷ್ಟು ಹೊತ್ತು ಆ ದಾರಿ ಇವನದಲ್ಲ.
ಕೊನೆಯ ಮೂಟೆ ಇಳಿದ ಮೇಲೆ ಒಂದೇ ಸಲ ಬಾಗಿಲು ತಟ್ಟುವುದು:
ಮುಗಿಯಿತು.

ಹೇಳುತ್ತಲೇ ಸ್ವಿಚ್ಚು ಆರಿಸಿ, ಹಾಕಿದಳು.
ಜೀವ ಬರುವ ಗಳಿಗೆಯಲ್ಲಿ ನಾಲ್ಕೂ ದೀಪ
ಒಟ್ಟಿಗೆ ಒಮ್ಮೆ ಕಣ್ಣು ಬಿಡಬೇಕು,
ಹಾಜರಿ ಹೇಳಿದ ಹಾಗೆ.
ಹೇಳಿದವು ಮೂರು.

ಎರಡರ ದೀಪ ಸತ್ತು ಎಷ್ಟು ದಿನವಾಗಿತ್ತೋ.
ಬೋರ್ಡು ಸಂಜೆಯಿಂದಲೂ ಸರಿಯಾಗಿಯೇ ಕೂಗಿಕೊಂಡಿತ್ತು,
ನಡುವಿನ ಒಂದಕ್ಷರ ಗಂಟಲಲ್ಲೇ ಉಳಿದು.

ಚೀಟಿಯ ಮೇಲೆ ಬೆರಳಿಟ್ಟು ಓದಿದೆ.
ಏಳು: ಡಿಎಂಎ.
ಮಲಗಿದ್ದವನು ಮೇಸ್ತ್ರಿ.

ಹೊಸ ಬೋರ್ಡು ನೈರೋಬಿಯಿಂದ ನಾಳಿನ ರೈಲಿಗೆ.
ಅಲ್ಲಿಯವರೆಗೆ, ಜಂಪರೊಂದನ್ನು ಸರಿಸಿ,
ಗುಮಾಸ್ತನ ಹೆಗಲಿಗೇ ಮೂಟೆ ಏರಿಸಿದಳು.
ಒಂದೊಂದು ಬೈಟನ್ನೂ ಅವನೇ ಹೊತ್ತು ಹೊತ್ತು
ಕ್ರೇನು ಪೆಟ್ಟಿಗೆಯನ್ನು ಬೆರಳಗಲ ಬೆರಳಗಲವಾಗಿ ಇಳಿಸತೊಡಗಿತು.

ಚೀಟಿಯ ತಲೆಯ ಮೇಲೆ ಪೆನ್ಸಿಲಿನಲ್ಲಿ ಬರೆದಳು:
ಮೊದಲು ದೀಪ ಎಣಿಸು.

ಕೆಳಗಿಂದ ಮತ್ತೆ ಶೆಕುವೆಯ ದನಿ.
ಅವನ ಮೆಮೊರಿ ಇನ್ನೂ
ನನ್ನ ಟೋಪಿಯಲ್ಲೇ ಇತ್ತು, ಸ್ಕ್ರೂಗಳ ಜೊತೆ.