ಕಪ್ಪೆಗೆ ಮುಯ್ಯಿ

ಇಪ್ಪತ್ತೊಂಬತ್ತು ದಿನ ಚೆನ್ನಾಗಿಯೇ ಇತ್ತು ಕಪ್ಪೆ.
ಬೆಳಿಗ್ಗೆ ಎಂಟಕ್ಕೆ ಅಂಗಾತ ಮಲಗುತ್ತಿತ್ತು
ನಮ್ಮ ಒಂದೇ ಲ್ಯಾಪ್‌ಟಾಪಿನ ಪರದೆಯಲ್ಲಿ.
ಬೆರಳಿಟ್ಟಲ್ಲಿ ಬಿಚ್ಚಿಕೊಳ್ಳುತ್ತಿತ್ತು,
ರಕ್ತವಿಲ್ಲ, ವಾಸನೆಯಿಲ್ಲ,
ಗಂಟೆ ಬಾರಿಸಿದರೆ ತಾನೇ ಹೊಲಿದುಕೊಂಡು
ನಾಳೆಗೆ ಹೊಸದು.

ಟಿಟಿಕಾಕಾದ ದಂಡೆಯಲ್ಲಿ
ಹದಿನೇಳು ಮಕ್ಕಳ ಶಾಲೆ ನಮ್ಮದು.
ಸೂಕ್ಷ್ಮದರ್ಶಕ ಬೇಕೆಂದು ಬರೆದ ಅರ್ಜಿ
ಲಾ ಪಾಸ್‌ನ ಯಾವುದೋ ಕಪಾಟಿನಲ್ಲಿ ಮೊಟ್ಟೆಗೆ ಕೂತಿದೆ.
ಹಾಗಾಗಿ ರಾತ್ರಿ, ಕಂಬಳಿ ಹೊದ್ದು,
ಚರ್ಚಿನ ಗೋಡೆಗೆ ಆತು
(ಸಿಗ್ನಲ್ ಬರುವುದು ಅಲ್ಲಿ ಮಾತ್ರ)
ಹುಡುಕಿ ಹುಡುಕಿ ಇಳಿಸಿಕೊಳ್ಳುತ್ತೇನೆ:
ಉಚಿತ ನಕ್ಷೆ, ಉಚಿತ ಗ್ರಹಗಳು, ಉಚಿತ ಭಿನ್ನರಾಶಿ.
ಪುಕ್ಕಟೆ ಸಿಕ್ಕರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ
ಎನ್ನುವ ಜಾತಿ ನಾನು.
ನಾಚಿಕೆ ಬಿಟ್ಟು ಬಹಳ ಕಾಲವಾಯಿತು.

ಮೂವತ್ತನೆಯ ದಿನ
ವಿಲ್ಬೆರ್ ಎದೆಯ ಚರ್ಮ ಸರಿಸಿದ.
ಗುಂಡಿಗೆ ಕಂಡಿತು. ಒಮ್ಮೆ ಮಿಡಿಯಿತು.
ಇನ್ನೊಮ್ಮೆ ಮಿಡಿಯಲು ಉಬ್ಬಿ
ಹಾಗೇ ನಿಂತಿತು.
ಅದರ ಮೇಲೊಂದು ಬಿಳಿ ಚೌಕ:
ನಿಮ್ಮ ಉಚಿತ ಅವಧಿ ಮುಗಿದಿದೆ,
ಕಾರ್ಡಿನ ಹದಿನಾರು ಅಂಕಿ ಒತ್ತಿ.

ಈ ತರಗತಿಯಲ್ಲಿ ಯಾರ ಮನೆಯಲ್ಲೂ
ಹದಿನಾರು ಅಂಕಿಯ ಏನೂ ಇಲ್ಲ.

"ಸತ್ತಿತಾ?" ಎಂದಳು ಗ್ರಿಮಾಲ್ದಾ.
ಇಲ್ಲ, ಕಾಯುತ್ತಿದೆ.
"ಎದೆ ತೆರೆದುಕೊಂಡೇ?"
ನಾನು ಲ್ಯಾಪ್‌ಟಾಪ್ ಮುಚ್ಚಿ ಭಿನ್ನರಾಶಿಗೆ ಹೋದೆ.
ಒಬ್ಬರೂ ನನ್ನ ಹಿಂದೆ ಬರಲಿಲ್ಲ.

ಮರುದಿನ ಬಾಗಿಲಲ್ಲಿ ಅವಳ ಅಜ್ಜಿ, ಸೆಫೆರಿನಾ.
ಬೆನ್ನಿನ ಬಟ್ಟೆಗಂಟಿನಲ್ಲಿ
ಹಿಮಕ್ಕೆ ಹಾಸಿ, ಕಾಲಲ್ಲಿ ತುಳಿದು, ಒಣಗಿಸಿದ
ಕಾಲು ಮೂಟೆ ಆಲೂಗಡ್ಡೆ.

"ಕಪ್ಪೆಯ ಯಜಮಾನ ಯಾರು?
ತಿಂಗಳಿಡೀ ದುಡಿಸಿಕೊಂಡಿರಂತೆ.
ಗಾಳಿಯಲ್ಲಿ ಬಂತು ಅನ್ನಬೇಡಿ ಟೀಚರೇ,
ಯಾರೋ ಕೂತು ಮಾಡಿದ್ದೇ ಅಲ್ಲವಾ?
ನಮ್ಮ ಹೊಲಕ್ಕೆ ಅವರು ಒಂದು ದಿನ ಬಂದರೆ
ಅವರ ಹೊಲಕ್ಕೆ ನಾವು ಒಂದು ದಿನ."
ಐನಿ, ಎಂದಳು. ಮುಯ್ಯಾಳು.
"ಪುಕ್ಕಟೆ ಅನ್ನುವುದು
ಸಾಲಕ್ಕೆ ಹೆಸರಿಡದವರ ಮಾತು."

ಹೇಗೆ ಹೇಳಲಿ, ಆ ಯಜಮಾನನಿಗೆ
ಆಲೂಗಡ್ಡೆಯ ಲೆಕ್ಕ ಬಾರದೆಂದು?
ಆದರೆ ರಾತ್ರಿ ನೆನಪಾಯಿತು ಇನ್ನೊಬ್ಬ:
ರೊಟ್ಟಿ ಕೊಯ್ದು ಭಿನ್ನರಾಶಿ ಕಲಿಸುವ ಆಟ ಮಾಡಿದವನು,
ತಾರ್ತು ಎಂಬ ಊರಿನ ಮೇಷ್ಟ್ರು.
ಅಂಕಿ ಕೇಳಿದವನಲ್ಲ, ಹೆಸರೂ ಪೂರ್ತಿ ಬರೆದವನಲ್ಲ.
ಕೆಳಗೆ ಸಣ್ಣಕ್ಷರದಲ್ಲಿ ಮೂರು ಮಾತು:
ಬಳಸಿ, ತಿದ್ದಿ, ಹಂಚಿ.
ಮೂರು ವರ್ಷದಿಂದ ನಾನು
ಮೊದಲನೆಯದರಲ್ಲೇ ನಿಂತಿದ್ದೆ.

ವಿಲ್ಬೆರ್‌ನ ಮಾವ ಜೊಂಡಿನ ದೋಣಿ ಕೊಟ್ಟ.
ಬಲೆಗೆ ಬಂತು ಒಂದು, ಸರೋವರದ್ದೇ ಕಪ್ಪೆ,
ದೊಗಲೆ ಚರ್ಮ,
ಅಣ್ಣನ ಅಂಗಿ ತೊಟ್ಟ ತಮ್ಮನ ಹಾಗೆ.
ಅರ್ಧ ಗಂಟೆ ಬಕೆಟ್ಟಿನಲ್ಲಿ ಅದರ ಸರದಿ,
ಹದಿನೇಳು ಪೆನ್ಸಿಲುಗಳ ಸರದಿ,
ಮತ್ತೆ ನೀರಿಗೆ.
ಅಜ್ಜಿ ಒಂದೊಂದೇ ಅಂಗಕ್ಕೆ ಐಮಾರ ಹೆಸರು ಹೇಳಿದಳು.
ಗುಂಡಿಗೆ ಲ್ಯುಕು. ಉಸಿರಿನ ಚೀಲ ಚುಯ್ಮ;
ಅದರಲ್ಲೇ ಬುದ್ಧಿಯೂ ಇರುತ್ತದಂತೆ,
ಮನುಷ್ಯರಿಗೂ.
ಫೋನು ಎಲ್ಲವನ್ನೂ ಕೇಳಿಸಿಕೊಂಡಿತು,
ನಡುವೆ ಒದರಿದ ಕುರಿಯನ್ನೂ.

ಕೊನೆಯ ಹಾಳೆಯಲ್ಲಿ ಗ್ರಿಮಾಲ್ದಾ ಬರೆದಳು:
ಇದರ ಎದೆ ನಾವು ತೆರೆದಿಲ್ಲ.
ಕೆಲಸ ಮಾಡುತ್ತಿದೆ.

ಚರ್ಚಿನ ಗೋಡೆಗೆ ಆತು ಎರಡು ರಾತ್ರಿ
ಮೇಲೇರಿಸಿದೆ, ಬೆರಳು ಸೆಟೆಯುವವರೆಗೆ.
ಬೆಲೆ ಕೇಳಿದ ಚೌಕದಲ್ಲಿ
ಉಚಿತ ಎಂದು ಒತ್ತಿದೆ.
ಉಚಿತವೆಂದೇ ತೋರಿತು.

ಆಲೂಗಡ್ಡೆ ಗಂಟು ಇನ್ನೂ ಶಾಲೆಯ ಮೂಲೆಯಲ್ಲಿದೆ.
ತಾರ್ತುವಿನ ಮೇಷ್ಟ್ರಿಗೆ ವಿಳಾಸ ಕೇಳಿ ಬರೆದಿದ್ದೇನೆ,
ಉತ್ತರವಿಲ್ಲ.
ಅವಸರವೇನು, ಎನ್ನುತ್ತಾಳೆ ಅಜ್ಜಿ,
ಹತ್ತು ವರ್ಷ ಇಟ್ಟರೂ
ಕೆಡುವುದಿಲ್ಲ ಇದು.