ಎಣಿಕೆ

ಈರೋಡಿನಲ್ಲಿ ಯಂತ್ರ ಎಣಿಸುತ್ತಿತ್ತು, ಟಿಣ್ ಟಿಣ್.
ಮೂವತ್ತೊಂದು ದಿನ ಆ ಸದ್ದಿಗೇ ಒರಗಿ ನಿದ್ದೆ ಮಾಡಿದೆ.
ಈಗ ತಾಳವಾಡಿ. ಕತ್ತಲಾದರೆ ದಿಂಬಂ ಗೇಟು ಬೀಳುತ್ತೆ,
ಇಪ್ಪತ್ತೇಳು ತಿರುವಿನಾಚೆ ಆಸ್ಪತ್ರೆ.

ಕೊಟ್ಟ ಚೀಟಿಯೆಲ್ಲ ತಮಿಳು.
ಗುರುವಾರ ಸ್ಕೂಟಿಯಲ್ಲಿ ಬಂದ ಸೆಲ್ವರಾಣಿ ಸಿಸ್ಟರು
ಅರೆಬರೆ ಕನ್ನಡದಲ್ಲಿ ಬಿಡಿಸಿ ಹೇಳಿದರು:
ಬರಿ ಎದೆಗೆ ಕಟ್ಟಿಕೊ. ಉಸಿರು ಎಣಿಸು.
ತಕ್ಕಡಿ ಜೋಲಿಯಲ್ಲಿ ಕೂಸು, ಒಂದು ಕಿಲೋ ಎಂಟುನೂರು.
‘ಹೋದ ವಾರಕ್ಕಿಂತ ಒಂದು ಹಿಡಿ ರಾಗಿ ಜಾಸ್ತಿ’ ಅಂದರು ಅತ್ತೆ.

ನನಗೆ ಬೆನ್ನು ನೋವು. ಬೊಮ್ಮ ಅಂಗಿ ಬಿಚ್ಚಿದ.
ಹಾದಿಯವರು ನಕ್ಕರು, ಗಂಡು ಬಾಣಂತಿ ಅಂತ.
ಮೆತ್ತಗೆ ನಗ್ರೋ, ಅಂದ.

ಕರೆಂಟು ಹೋದ ನಡುರಾತ್ರಿ ಎಚ್ಚರಾದೆ.
ಗೋಡೆಗೊರಗಿ ಅವನ ಪಿಸುದನಿ:
ಮೂವತ್ತೆಂಟು, ಮೂವತ್ತೊಂಬತ್ತು...
ನಲವತ್ತರ ಮೇಲೆ ಅವನಿಗೆ ಬರದು.
ಮತ್ತೆ ಒಂದರಿಂದ.