ಒಂದು ಸೇರು ಬಿಸಿ ತೊಗರಿ

ಕಪನೂರಿನ ದಾಲ್ ಮಿಲ್ಲಿನಾಗ ಗದ್ದಲ ಹೆಂಗದ ಅಂದ್ರ
ಪಕ್ಕದಾಕಿ ನರಳಿದ್ರೂ ಕೇಳಂಗಿಲ್ಲ,
ಮುಖ ನೋಡೇ ತಿಳಕೋಬೇಕು.
ತಿಳಕೊಳ್ಳೋದೇ ನನ್ನ ಕೆಲಸ. ನಾ ಮುಕದ್ದಮ ಮಾಳಮ್ಮ,
ಇಪ್ಪತ್ತಾರು ಹೆಣ್ಣಾಳಿನ ಹಾಜರಿ ನನ್ನ ಕೈಯಾಗ.

ಹದಿಮೂರಕ್ಕ ಸುರುವಾದದ್ದು. ಈಗ ನಲವತ್ತೊಂದು.
ಇಪ್ಪತ್ತೆಂಟು ವರ್ಷ, ವರ್ಷಕ್ಕ ಹನ್ನೆರಡು ಸಲ,
ಎರಡು ಬಸಿರು ಬಿಟ್ರ ಬ್ಯಾನಿಗಿ ರಜಾ ಇಲ್ಲ.
ಲೆಕ್ಕ ನೀವೇ ಹಾಕ್ರಿ, ನಾ ಹಾಕೋದು ಬಿಟ್ಟೀನಿ.
ಕಿಬ್ಬೊಟ್ಟಿಯಾಗ ಯಾರೋ ಒದ್ದಿ ಬಟ್ಟಿ ಹಿಂಡಿದಂಗ,
ಹಿಂಡಿ, ಝಾಡಿಸಿ, ಮತ್ತ ಹಿಂಡಿದಂಗ.
ತೊಡಿ ತನಕ ಇಳೀತದ. ಸೊಂಟಕ್ಕ ಏರ್ತದ.
"ಹೆಣ್ಣು ಜಲ್ಮ" ಅಂದಿದ್ಳು ಅವ್ವ.
ಅದಾದ ಮ್ಯಾಲ ಅಜವಾನದ ಕಷಾಯ.

ಹೋದ ವರ್ಷ ಮಿಲ್ಲಿಗಿ ಡಾಕ್ಟರಮ್ಮ ಬಂದಿದ್ಳು
ಬಿಪಿ, ಶುಗರ್, ರಗತ ನೋಡಾಕ.
ನಾ ಕೇಳಿದೆ: ಬರೋದಕ್ಕ ಎರಡು ದಿನ ಮೊದಲೇ
ಹಲ್ಲು ಯಾಕ ಕಚ್ಚಕೋತಾವ್ರಿ ಮೇಡಂ,
ಬ್ಯಾನಿ ಇನ್ನೂ ಬಂದೇ ಇರಂಗಿಲ್ಲ?
ಆಕಿ ಒಂದು ತೊಗರಿ ಕಾಳು ಎತ್ತಿ ಉಗುರಿನಾಗ ಸೀಳಿದ್ಳು.
ಮಿದುಳೂ ಹಿಂಗೇ, ಎರಡು ಬ್ಯಾಳಿ ಅಂದ್ಳು.
ಬ್ಯಾನಿ ತಿಂಗಳಾ ತಿರುಗಿ ಬಂದ್ರ
ಅದಕ್ಕ ದಾರಿ ರೂಢಿ ಆಗ್ತದ,
ಇದಕ್ಕ ಅದರ ಕಾಲಸಪ್ಪಳ.
ಮಳಿಗಾಲದ ಎರಿ ಹೊಲದಾಗ
ಮುಂದಿನ ಬಂಡಿ ಹೋದ ಗಾಲಿಜಾಡಿನಾಗೇ
ಹಿಂದಿನ ಬಂಡೀನೂ ಬೀಳ್ತದಲ್ಲ, ಹಂಗ.

ಹಂಗಾದ್ರ ಇನ್ನೊಬ್ಬಾಕಿ ಬ್ಯಾನಿ ನನಗ ಲಗೂ ತಿಳೀಬೇಕಿತ್ತು.
ಜಾಡು ನಂದೇ ಅಲ್ಲ?

ನಸೀಮಾ ಕೆಲಸಕ್ಕ ಬಂದು ಮೂರು ತಿಂಗಳು.
ಒಂದು ಮಂಗಳವಾರ ಪಟ್ಟಾ ಬಿಟ್ಟು
ಗೋಣಿಚೀಲಕ್ಕ ಒರಗಿ ಕುಂತ್ಳು, ತುಟಿ ಬೂದಿ ಬಣ್ಣ.
"ಅಕ್ಕಾ, ಆಗವಲ್ದು."
ನಾ ಏನಂದೆ?
"ನಮಗೂ ಆಗ್ತದವ್ವ. ನಾವೇನ ಕುಂತೀವೇನು?"
ತಕ್ಕಡಿಯ ಒಂದು ಕಡಿ ನನ್ನ ಇಪ್ಪತ್ತೆಂಟು ವರ್ಷ ಇಟ್ಟೆ,
ಇನ್ನೊಂದು ಕಡಿ ಆಕಿ ಒಂದು ಮಂಗಳವಾರ.
ಆಕಿ ಪರಡಿ ಮ್ಯಾಲಕ್ಕ ಹೋತು.
ಹಾಜರಿಯಾಗ ಆಕಿ ಹೆಸರಿನ ಮುಂದ ಅರ್ಧಾ ಅಂತ ಬರದೆ.

ಸುಳ್ಳು ಯಾಕ ಹೇಳ್ಲಿ, ಅವತ್ತು ನಂದೂ ಎರಡನೇ ದಿನ.
ಅಂಥಾ ದಿನ ಮಗ ಮೊಣಕಾಲು ಒಡಕೊಂಡು ಬಂದ್ರೂ
ಆ ರಗತ ನನಗ ದೂರದ್ದು,
ಸ್ಟೇಷನ್ ಕಡಿ ರೈಲು ಕೂಗಿದಂಗ.
ಅರಿಶಿಣ ಹಚ್ತೀನಿ. ಕೈ ಹಚ್ತದ, ನಾ ಇರಂಗಿಲ್ಲ.
ತಾಳಿದಾಕಿಗಿ, ತಾಳಲಾರದಾಕಿ ಕಂಡ್ರ
ಸಿಟ್ಟು ಬರ್ತದ.
ಇದನ್ನ ನಾ ಡಾಕ್ಟರಮ್ಮಗ ಕೇಳಿರಲಿಲ್ಲ.

ಮುಂದಿನ ತಿಂಗಳು. ನಂದು ಮುಗದು ವಾರಾಗಿತ್ತು, ಮೈ ಹಗುರ.
ನಸೀಮಾ ಈ ಸಲ ಬಾಯಿ ತೆರೀಲಿಲ್ಲ.
ಬಲಗೈ ಬ್ಯಾಳಿಯಾಗಿನ ಹಳ್ಳು ಆರಸ್ತಿತ್ತು,
ಎಡಗೈ ಹೆಬ್ಬೆರಳು ಮುಷ್ಟಿಯೊಳಗ ಮಡಚಿತ್ತು.
ನಾನೂ ಹಂಗೇ ಮಡಚ್ತೀನಿ.
ಯಾರೂ ಕಲಿಸಿದ್ದಲ್ಲ, ಯಾರೂ ನೋಡಿಲ್ಲ ಅನ್ಕೊಂಡಿದ್ದೆ.
ನನ್ನ ಕಿಬ್ಬೊಟ್ಟಿ, ತಾರೀಖು ತಪ್ಪಿ, ಒಮ್ಮಿ ಹಿಂಡಿತು.

ಅಂಗಳದಾಗ ಎಣ್ಣಿ ಹಚ್ಚಿ ಒಣಾಕ ಹಾಕಿದ ತೊಗರಿ,
ಏಪ್ರಿಲ್ ಬಿಸಿಲು, ಮುಟ್ಟಿದ್ರ ಚುರ್ ಅಂತಿತ್ತು.
ಅರಿವಿ ಚೀಲಕ್ಕ ಒಂದು ಸೇರು ತುಂಬಿ, ಬಾಯಿ ಕಟ್ಟಿ,
ಆಕಿ ಹೊಟ್ಟಿ ಮ್ಯಾಲ ಇಟ್ಟೆ. ಮಾತಾಡ್ಲಿಲ್ಲ.
ಆಕಿನೂ ಆಡ್ಲಿಲ್ಲ.
ಭಾಳ ಹೊತ್ತಿನ ಮ್ಯಾಲ ಹೆಬ್ಬೆರಳು ಹೊರಗ ಬಂತು.

ಆ ಅರ್ಧಾ ದಿನದ ಕೂಲಿ ತಿರುಗಿ ಬರಲಿಲ್ಲ.
ಸೇಠ್ ಲೆಕ್ಕ ಮುಗಸಿದ್ದ, ನಾ ಕೇಳಾಕೂ ಹೋಗಲಿಲ್ಲ.

ಸಂಜಿಗಿ ತೊಗರಿ ತಣ್ಣಗಾತು.
ಗಂಟು ಬಿಚ್ಚಿ ರಾಶಿಗಿ ಸುರವಿದೆ.
ಮರುದಿನ ಸೀಳಿ, ಬ್ಯಾಳಿ ಆಗಿ, ಲಾರಿ ಹತ್ತಿತು.
ಯಾವ ಊರಿನ ಯಾರ ಮನಿ ಕುಕ್ಕರಿನಾಗ ಕುದೀತೋ.
ಉಂಡವರು ಉಪ್ಪು ಸಾಲದು ಅಂದಿರಬೇಕು, ಅಷ್ಟೇ.